ಗುಂಪಿನ ಮುಂದಿನ ಜಾಗ

ಸ್ಪ್ಯಾನರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಿಂಕೆ ಮಾವ ಟೈಪಿಸ್ಟ್ ಅಜ್ಜಿಯ ಮನೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಓಟದ ಗುಂಪಿನವರ ಸುಳಿವೇ ಇರಲಿಲ್ಲ. ಸೊಂಟದ ಆಪರೇಷನ್ ಆದ ಅಜ್ಜಿ ಇನ್ನೇನು ಆಸ್ಪತ್ರೆಯಿಂದ ಬಂದುಬಿಡುತ್ತಾಳೆ. ಅಷ್ಟರೊಳಗೆ ಮಹಡಿಯ ಕಬ್ಬಿಣದ ಮಂಚವನ್ನು ಬಿಚ್ಚಿ, ಕೆಳಗಿಳಿಸಿ, ನಡುಮನೆಯಲ್ಲಿ ಜೋಡಿಸಿಡಬೇಕು. ಸೈಕಲ್ ರಿಪೇರಿಯಲ್ಲಿ ಪಳಗಿದ ಕೈಗೆ ನಟ್ಟು ಬಿಚ್ಚುವುದೇನೂ ದೊಡ್ಡದಲ್ಲ, ಮಂಚ ಹೊರುವುದು ಮಾತ್ರ ಒಬ್ಬನಿಂದ ಆಗುವ ಮಾತಲ್ಲ. ಮನೆಯ ಬೀಗದ ಕೈ ಬೇರೆ ನರ್ಸಮ್ಮನ ಹತ್ತಿರವೇ ಇತ್ತು. ಈಗ ಗುಂಪನ್ನು ನಡೆಸುವವಳು ಅವಳು.

ಭಾನುವಾರ ಬೆಳಿಗ್ಗೆ ಓಡುತ್ತಾ ಹೋಗಿ, ಕೈಲಾಗದವರ ಮನೆಯಲ್ಲಿ ಏನಾದರೊಂದು ಕೆಲಸ ಮಾಡಿಕೊಟ್ಟು, ಓಡುತ್ತಾ ವಾಪಸ್ಸಾಗುವ ಈ ಗುಂಪನ್ನು ಕಟ್ಟಿದವಳು ಜಿಂಕೆ ಮಾವನ ಹೆಂಡತಿ. ಹೊಲಿಗೆ ಮೆಷಿನ್ ಮುಂದೆ ಕೂತು ಕೂತು ಮೈ ಬಂದವಳಿಗೆ ಡಾಕ್ಟರು ಓಡಲು ಹೇಳಿದರೆ, "ಸುಮ್ಮನೆ ಓಡೋಕೆ ನನ್ನನ್ನೇನು ನಾಯಿ ಅಟ್ಟಿಸ್ಕೊಂಡು ಬರ್ತಿದ್ಯಾ? ಯಾರ ಮನೆಗಾದ್ರೂ ಕೆಲಸಕ್ಕೆ ಅಂತ ಓಡ್ತೀನಿ" ಎಂದಿದ್ದಳು. ಕಟ್ಟಳೆಗಳೂ ಅವಳವೇ. ಓಡುವಾಗ ಫೋನ್ ಇರಕೂಡದು. ಎಲ್ಲರಿಗಿಂತ ನಿಧಾನ ಇರುವವರು ಮುಂದೆ ಓಡಬೇಕು, ಉಳಿದವರು ಅವರನ್ನು ದಾಟಕೂಡದು. ಒಬ್ಬರು ಕಾಣದಿದ್ದರೂ ಗುಂಪು ನಿಂತಲ್ಲೇ ಕಾಯಬೇಕು. ಎಲ್ಲರಿಗಿಂತ ನಿಧಾನ ಅವಳೇ ಆದ್ದರಿಂದ ಕೊನೆಯವರೆಗೂ ಮುಂದಿನ ಜಾಗ ಅವಳದೇ ಆಗಿತ್ತು.

ಹುಡುಗನಾಗಿದ್ದಾಗ ಓಟದಲ್ಲಿ ಬಹುಮಾನಗಳನ್ನು ಬಾಚಿ 'ಜಿಂಕೆ' ಎನಿಸಿಕೊಂಡಿದ್ದವನ ಜಾಗ ಬಾಲದಲ್ಲಿ. ಇಡೀ ಸಾಲಿನಾಚೆ ಅವಳ ಅಗಲ ಬೆನ್ನು ನೋಡಿಕೊಂಡು, ಮೂಗುದಾರ ಜಗ್ಗಿದ ಎತ್ತಿನ ಹಾಗೆ ವೇಗ ನುಂಗಿಕೊಂಡು ಓಡುತ್ತಿದ್ದ. ಎಂಥ ಭಾನುವಾರಗಳು ಅವು! ಒಮ್ಮೆ ಕಣ್ಣು ಕಾಣದ ಮುದುಕನ ಮನೆಯ ಕಿಟಕಿಗಳನ್ನು ತೊಳೆಯಲು ಹೋಗಿದ್ದರು. ಮುದುಕನಿಗೆ ಕಾಣದ ಗಾಜನ್ನು ಯಾಕೆ ಇಷ್ಟು ಉಜ್ಜುತ್ತೀ ಎಂದು ಇವನು ಗೊಣಗಿದರೆ, ಬಿಸಿಲಿಗೆ ಕಾಣುತ್ತಲ್ಲ ಎಂದು ಅವಳು ಇನ್ನಷ್ಟು ಉಜ್ಜಿದ್ದಳು. ಆ ಮುದುಕ ಬಿಸಿಲು ಬಿದ್ದ ಕಡೆಗೆ ಮುಖ ತಿರುಗಿಸಿ ಕೂತಿದ್ದು ಇವತ್ತಿಗೂ ಇವನ ಕಣ್ಣಿಗೆ ಕಟ್ಟಿದಂತಿದೆ.

ಅವಳು ತೀರಿಕೊಂಡ ಮೇಲೆ ಮುಂದಿನ ಜಾಗ, ಉಳಿದವರಲ್ಲಿ ಎಲ್ಲರಿಗಿಂತ ನಿಧಾನವಾಗಿದ್ದ ಬೇಕರಿಯವನ ಪಾಲಿಗೆ ಬಂತು. ಈ ವರ್ಷ ಜಿಂಕೆ ಮಾವನ ಮಂಡಿ ಕೈಕೊಟ್ಟು, ಬೇಕರಿಯವನೇ ಅವನಿಗಿಂತ ಚುರುಕಾಗಿಬಿಟ್ಟ. ಮುಂದೆ ಬನ್ನಿ ಎಂದು ನರ್ಸಮ್ಮ ನಯವಾಗಿ ಹೇಳಿ ನೋಡಿದಳು. ಇವನು ನಕ್ಕು ಹಾರಿಸಿದ. ಅಲ್ಲಿ ಹೋಗಿ ನಿಂತರೆ ಹೆಂಡತಿ ಇಲ್ಲ ಎಂದು ತಾನೇ ಒಪ್ಪಿಕೊಂಡ ಹಾಗೆ ಎನಿಸುತ್ತಿತ್ತು. ಇವತ್ತಂತೂ ಸೇತುವೆಗೆ ಮುಂಚೆಯೇ ಹಿಂದೆ ಬಿದ್ದ. ಯಾರೂ ನೋಡುವ ಮೊದಲೇ ಗೋದಾಮಿನ ಓಣಿಗೆ ನುಗ್ಗಿ, ಒಳದಾರಿಯಲ್ಲಿ ನಡೆದುಕೊಂಡೇ ಬಂದು, ಎಲ್ಲರಿಗಿಂತ ಮೊದಲು ಮುಟ್ಟಿದವನಂತೆ ಮೆಟ್ಟಿಲ ಮೇಲೆ ಕೂತಿದ್ದ.

ಆಂಬುಲೆನ್ಸ್ ಬಂದೇಬಿಟ್ಟಿತು. ಡ್ರೈವರ್ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬೀಗ ಹಾಕಿದ ಬಾಗಿಲ ಮುಂದೆ ತಂದು ನಿಲ್ಲಿಸಿದ. ಅಜ್ಜಿಯ ಮುಖ ನೋವಿಗೆ ಬಿಳಿಚಿಕೊಂಡಿತ್ತು.

"ಮಂಚ ಇಳಿಸಿದ್ರೇನಪ್ಪಾ? ಒಂದ್ಸಲ ಮಲಗಿಬಿಟ್ರೆ ಸಾಕಾಗಿದೆ."

ಇವನು ರಸ್ತೆಯ ಕಡೆ ಕತ್ತು ಚಾಚಿ ನೋಡಿದ. ಸೇತುವೆಯ ಹತ್ತಿರ ಒಂದಿಷ್ಟು ಜನ ನಿಂತಿದ್ದಾರೆ, ಯಾರನ್ನೋ ಹುಡುಕುತ್ತಿರುವ ಹಾಗಿದೆ ಎಂದು ಡ್ರೈವರ್ ಹೇಳಿದ. ಆಗಷ್ಟೇ ಇವನಿಗೆ ಹೊಳೆಯಿತು. ಅವರು ಕಾಯುತ್ತಿರುವುದು ತನಗಾಗಿ. ತಾನು ಹೋಗುವವರೆಗೆ ಅವರು ಜಪ್ಪಯ್ಯ ಎಂದರೂ ಕದಲುವವರಲ್ಲ. ಅಜ್ಜಿಯನ್ನು ಸ್ವಲ್ಪ ನೋಡಿಕೊಳ್ಳಲು ಡ್ರೈವರಿಗೆ ಹೇಳಿ, ಚೀಲ ಅಲ್ಲೇ ಬಿಟ್ಟು, ಮಂಡಿ ಹಿಡಿದುಕೊಂಡೇ ಓಡಿದ.

ಸೇತುವೆಯ ಕೆಳಗೆ, ನೀರಿನ ಅಂಚಿನಲ್ಲಿ ನಿಂತು ಬೇಕರಿಯವನು ಇವನನ್ನು ಕೂಗುತ್ತಿದ್ದ. ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿತ್ತು. ಇವನನ್ನು ಕಂಡದ್ದೇ ನರ್ಸಮ್ಮ ಕಟ್ಟೆಗೆ ಒರಗಿ ಮುಖ ಒರೆಸಿಕೊಂಡಳು. ಬೈದಿದ್ದರೂ ಇವನಿಗೆ ಸಮಾಧಾನವಾಗುತ್ತಿತ್ತು.

"ಒಳದಾರೀಲಿ ಹೋಗಿಬಿಟ್ಟೆ ಕಣಮ್ಮಾ. ಮಂಡಿ ಆಗ್ತಿಲ್ಲ. ಮುಂದಿನ ಜಾಗದಲ್ಲಿ ನಿಲ್ಲೋಕೆ ಮನಸ್ಸೂ ಬರ್ತಿಲ್ಲ. ಅದು ಅವಳದು."

"ಗೊತ್ತು ಮಾವ," ಎಂದಳು ನರ್ಸಮ್ಮ. "ಅದಕ್ಕೇ ಇನ್ನು ಅದನ್ನ ಬೇರೆ ಯಾರ ಹತ್ರಾನೂ ಬಿಡೋಕೆ ನಮಗೂ ಮನಸ್ಸಿಲ್ಲ. ಅಜ್ಜಿ ಕಾಯ್ತಿದ್ದಾರೆ, ನಡೀರಿ."

ಬೇಕರಿಯವನು ಮೇಲೆ ಬಂದು ಪಕ್ಕಕ್ಕೆ ಸರಿದ. ಜಿಂಕೆ ಮಾವ ಮುಂದೆ ಹೋದ.

ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಬರೀ ಖಾಲಿ ರಸ್ತೆ. ಹೆಂಡತಿ ಓಡುವಾಗ ಒಮ್ಮೆಯೂ ಹಿಂತಿರುಗಿ ನೋಡುತ್ತಿರಲಿಲ್ಲ. ತಾನು ಬಂದರೂ ಬಿಟ್ಟರೂ ಇವಳಿಗೆ ಅಷ್ಟಕ್ಕಷ್ಟೇ ಎಂದು ಅವನು ಎಷ್ಟೋ ಸಲ ಮುನಿಸಿಕೊಂಡಿದ್ದ. ಈಗ ತಿರುಗದೆಯೇ ಎಲ್ಲ ಕೇಳಿಸುತ್ತಿತ್ತು. ಇದು ಬೇಕರಿಯವನ ಒದ್ದೆ ಬೂಟು, ಇದು ನರ್ಸಮ್ಮನ ಹಗುರ ಹೆಜ್ಜೆ, ಅದರ ಹಿಂದೆ ಇನ್ನೊಬ್ಬರದು, ಮತ್ತೊಬ್ಬರದು. ಸಾಲಿನ ತುದಿಯ, ಆಗ ತಾನು ಓಡುತ್ತಿದ್ದ ಜಾಗದ ಹೆಜ್ಜೆ ಎಲ್ಲಕ್ಕಿಂತ ಸಣ್ಣಗೆ, ಆದರೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವನು ಕಿವಿಯನ್ನೆಲ್ಲ ಆ ಹೆಜ್ಜೆಗೆ ಕೊಟ್ಟು, ಅದು ತಪ್ಪಿಹೋಗದಂತೆ, ನಿಧಾನವಾಗಿ ಓಡಿದ.