ನಾಲ್ಕನೇ ಟೇಕ್, ಮೀನು ಹುರಿಯುವ ಮೊದಲು

ಕೆಳಗೆ ಯಾರೋ ಎಲೆಕೋಸು ಹೆಚ್ಚುತ್ತಿದ್ದಾರೆ, ಟಕ್ ಟಕ್ ಟಕ್, ಎಂಥ ಸಮನಾದ ಲಯ, ನಮ್ಮ ಎರಡನೇ ಪಿಟೀಲಿನವನಿಗಿಂತ ವಾಸಿ — ಬೇಡ, ನಗಬಾರದು, ನಕ್ಕರೆ ತುಟಿ ಸಡಿಲವಾಗುತ್ತದೆ, ಬಲಗಡೆಯ ಮೂಲೆ ಮೊದಲೇ ದಣಿದಿದೆ, ನಾಲಿಗೆಯಿಂದ ಮುಟ್ಟಿದರೆ ಅಲ್ಲೊಂದು ಬೇರೆಯವರ ತುಟಿ ಇದ್ದ ಹಾಗಿದೆ. ವಿನೆಗರಿನ ವಾಸನೆ ನೆಲದ ಸಂದಿಯಿಂದ ಏರಿ ಬರುತ್ತಿದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಚರ್ಚಿನ ಕೆಳಗಿನ ಹಾಲ್‌ನಲ್ಲಿ ಮೀನಿನೂಟ, ನಾನೂ ಹುಟ್ಟಿದಾಗಿನಿಂದ ಉಂಡವಳೇ, ಇವತ್ತು ಮಾತ್ರ ಆ ಊಟ ಹಾಳಾಗಿಹೋಗಲಿ ಅನ್ನಿಸುತ್ತಿದೆ, ದೇವರು ಕ್ಷಮಿಸಲಿ, ಅವನ ಮನೆಯೊಳಗೇ ಕೂತು ಹೀಗಂದುಕೊಳ್ಳುತ್ತಿದ್ದೇನೆ. ಎರಡು ಗಂಟೆ ನಲವತ್ತೈದು. ಮೂರಕ್ಕೆ ಅಡುಗೆಮನೆಯ ದೊಡ್ಡ ಫ್ಯಾನು ಶುರು, ಶುರುವಾಯಿತೆಂದರೆ ರಾತ್ರಿ ಎಂಟರವರೆಗೆ ನಿಲ್ಲುವುದಿಲ್ಲ, ಅದರ ಗುಂಯ್‌ಗುಡುವಿಕೆಗೆ ಈ ಬೆಂಚುಗಳು ಕೂಡ ನಡುಗುತ್ತವೆ. ಧ್ವನಿಮುದ್ರಿಸಬೇಕಾದ ನಾಲ್ಕು ಭಾಗಗಳಲ್ಲಿ ಮೂರು ಮುಗಿದಿವೆ, ಎಷ್ಟು ಚೆನ್ನಾಗಿ ಬಂದಿವೆಯೆಂದರೆ ಮೈಯೆಲ್ಲ ಇರುವೆ ಹರಿದ ಹಾಗಾಗುತ್ತಿದೆ, ಕೊನೆಯದೊಂದು ಉಳಿದಿದೆ, ಬರೀ ಒಂಬತ್ತು ನಿಮಿಷದ್ದು, ಮೂರು ಸಲ ನುಡಿಸಿದೆವು, ಮೂರೂ ಕೆಟ್ಟವು. ಮೊದಲನೆಯದನ್ನು ಹಿಮ ಬಾಚುವ ಲಾರಿ ಕೆಡಿಸಿತು, ಎರಡನೆಯದನ್ನು ಠಣ್ಣೆಂದ ಬಿಸಿನೀರಿನ ಕೊಳವೆ, ಮೂರನೆಯದನ್ನು ನಾನು. ಕೊನೆಯ ಸ್ವರ, ನಾನು ಊದುವ ಬೇಸ್ ಕ್ಲಾರಿನೆಟ್ಟಿನ ತಳದಲ್ಲಿರುವ ಸ್ವರ, ಇನ್ನೇನು ತುಂಬಿ ನಿಲ್ಲಬೇಕು, ಬಲಮೂಲೆಯಿಂದ ಗಾಳಿ ಸೋರಿ ಫುಸ್ಸೆಂದಿತು. ಪಾದ್ರಿಗಳು ಉಡುಪು ಬದಲಿಸುವ ಕೋಣೆಯಲ್ಲಿ ತನ್ನ ಯಂತ್ರಗಳ ಮುಂದೆ ಕೂತಿರುವ ವೆಂಡಲ್ ಸ್ಪೀಕರಿನಲ್ಲಿ ಹೇಳಿದ, ಹಾಲೀನಾ, ಐದು ನಿಮಿಷ ಸುಮ್ನೆ ಕೂತ್ಕೋ, ನೀರು ಕುಡಿ, ಆ ತುಟಿನ ಕಚ್ಕೋಬೇಡ, ನಂಗೆ ಇಲ್ಲಿಂದ್ಲೇ ಕಾಣ್ಸುತ್ತೆ. ಕಾಣಿಸುವುದಿಲ್ಲ ಅವನಿಗೆ, ಅಲ್ಲಿ ಕಿಟಕಿಯೇ ಇಲ್ಲ, ಆದರೆ ಹದಿನಾರು ವರ್ಷದಿಂದ ನನ್ನನ್ನು ಬಲ್ಲವನು.

ಮೂರನೇ ಬೆಂಚಿನಲ್ಲಿ ಮಿಸ್ ಟಿಬ್ಸ್. ಸಾಸಿವೆ ಬಣ್ಣದ ಟೋಪಿ, ಎಂಬತ್ತೆರಡು ವರ್ಷ, ಕಿವಿಯ ಯಂತ್ರಗಳೆರಡನ್ನೂ ತೆಗೆದು ಕೈಚೀಲದಲ್ಲಿಟ್ಟಿದ್ದಾರೆ, ಅವು ಸೀಟಿ ಹೊಡೆದು ಮೈಕಿಗೆ ಬೀಳುತ್ತವೆಂದು. ತಾವೇ ಬರೆದ ಈ ಸಂಗೀತವನ್ನು ತಮ್ಮ ಕಿವಿ ಮುಚ್ಚಿಕೊಂಡು ಕೇಳುವವರು. ಬೆಳಿಗ್ಗೆ ಬಂದ ಕೂಡಲೇ ಅಂದರು, ನಂಗೀಗ ಪಿಟೀಲು ಕೇಳ್ಸಲ್ಲ ಕಣಮ್ಮ, ಮೇಲಿನ ಸ್ವರವೆಲ್ಲ ಹೋಯ್ತು, ಹಕ್ಕಿಗಳು ಹೋದವು, ಫೋನ್ ಬೆಲ್ಲು ಹೋಯ್ತು, ಪೀಡೆ ತೊಲಗ್ತು, ಕೆಳಗಿನದು ಮಾತ್ರ ಉಳ್ಕೊಂಡಿದೆ, ನೀನು ಉಳ್ಕೊಂಡಿದೀಯ. ಪಿಟೀಲಿನವನ ಮುಖ ನೋಡಬೇಕಿತ್ತು. ಡಾಕ್ಟರು ಹೇಳಿದ್ದಾರಂತೆ, ಕೆಳಗಿನದೂ ವರ್ಷ ವರ್ಷಕ್ಕೆ ಕರಗುತ್ತದೆ ಎಂದು. ಅದನ್ನು ಅವರು ಹೇಳಲಿಲ್ಲ, ಅವರ ತಂಗಿ ಹೇಳಿದಳು, ಕಾರಿನ ಬಾಗಿಲು ಹಾಕುತ್ತಾ. ಹಾಗಾಗಿ ಇವತ್ತು. ಮುಂದಿನ ತಿಂಗಳಲ್ಲ, ಇವತ್ತು.

ನನ್ನ ಅರ್ಧ ಮುಖ ಕೈಕೊಟ್ಟ ಆ ಚಳಿಗಾಲ ನೆನಪಾಗುತ್ತಿದೆ, ಬೇಡ, ಆದರೂ ಬರುತ್ತಿದೆ, ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೇನೆ, ಅಂಗಿ ಬೆಚ್ಚಗಾಯಿತು, ನೋಡಿದರೆ ಕಾಫಿ ಬಾಯಿಯ ಬಲಗಡೆಯಿಂದ ಹರಿದು ಹೋಗುತ್ತಿದೆ, ಕನ್ನಡಿಯಲ್ಲಿ ಅರ್ಧ ಮುಖ ನನ್ನದು, ಇನ್ನರ್ಧ ಕರಗಿದ ಮೇಣ. ವಾಪಸ್ ಬರುತ್ತದೆ ಅಂದರು ಆಸ್ಪತ್ರೆಯಲ್ಲಿ, ಹತ್ತರಲ್ಲಿ ಒಂಬತ್ತು ಜನಕ್ಕೆ ಪೂರ್ತಿ ಬರುತ್ತದೆ ಅಂದರು, ಕಣ್ಣು ಬಂತು, ಕೆನ್ನೆ ಬಂತು, ಹುಬ್ಬು ಬಂತು, ತುಟಿಯ ಈ ಒಂದು ಮೂಲೆ ಬರಲಿಲ್ಲ, ಊದುವವಳ ಜೀವನ ಆ ಮೂಲೆಯಲ್ಲೇ ಇರುತ್ತದೆಂದು ಅವರಿಗೇನು ಗೊತ್ತು. ವಾದ್ಯವನ್ನು ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿದೆ. ಆಗ ಮಿಸ್ ಟಿಬ್ಸ್ ಬಂದರು, ಶಾಲೆಯ ಬ್ಯಾಂಡ್ ಟೀಚರು, ಏಳನೇ ತರಗತಿಯಲ್ಲಿ ನನ್ನ ಕೈಗೆ ಮೊದಲ ಕ್ಲಾರಿನೆಟ್ ಕೊಟ್ಟವರು, ಮಂಡಿಯೆತ್ತರದ ಹಿಮದಲ್ಲಿ ಎರಡು ಬಸ್ಸು ಬದಲಿಸಿ, ಕೋಳಿ ಸೂಪಿನ ಪಾತ್ರೆಯನ್ನು ಟವಲಿನಲ್ಲಿ ಸುತ್ತಿಕೊಂಡು. ಮೂರು ದಿನ ಸೂಪು ಮಾತ್ರ ತಂದರು. ನಾಲ್ಕನೇ ದಿನ ಸೂಪಿನ ಜೊತೆ ಒಂದು ಕಂದು ಲಕೋಟೆ. ಏನಿದು ಮಿಸ್ ಟಿಬ್ಸ್? ನಾನು ಬರ್ದಿದ್ದು. ನೀವು ಬರೀತಿದ್ರಾ? ಮತ್ತೇನು, ಮೂವತ್ತು ವರ್ಷ ಮಕ್ಕಳ ಟ್ರಂಪೆಟ್ಟಿಂದ ಉಗುಳು ಒರೆಸ್ಕೊಂಡೇ ಇದ್ದೆ ಅಂದ್ಕೊಂಡ್ಯಾ? ಬೇಸ್ ಕ್ಲಾರಿನೆಟ್ಟಿಗೂ ನಾಲ್ಕು ತಂತಿವಾದ್ಯಕ್ಕೂ, ಒಂದೇ ಒಂದು ಮೇಲಿನ ಸ್ವರ ಇಲ್ಲ, ಅರ್ಧ ಬಾಯಿ ಸಾಕು ಇದಕ್ಕೆ. ಸಿಟ್ಟು ಬಂತು ನನಗೆ, ಅರ್ಧ ಬಾಯಂತೆ. ಸಿಟ್ಟಿನಲ್ಲೇ ಪೆಟ್ಟಿಗೆ ಎಳೆದೆ. ಸಿಟ್ಟಿನಲ್ಲೇ ಊದಿದೆ. ಅವರು ಸೂಪು ಬಿಸಿ ಮಾಡುತ್ತಾ ಬೆನ್ನು ತಿರುಗಿಸಿ ನಿಂತಿದ್ದರು, ಈಗ ಅರ್ಥವಾಗುತ್ತದೆ, ನಗುತ್ತಿದ್ದರು.

ಅವರ ಅಪ್ಪ ಕಣಜದ ಕೂಲಿ, ಇದೇ ಬಫಲೋ ಊರಿನ ನದಿದಂಡೆಯ ಆ ಕಾಂಕ್ರೀಟು ಕಣಜಗಳಲ್ಲಿ, ಹಡಗಿನಿಂದ ಗೋಧಿ ಬಾಚುವ ಕೆಲಸ. ಆರು ವರ್ಷದ ಮಗಳನ್ನು ಒಂದು ಭಾನುವಾರ ಖಾಲಿ ಕಣಜದೊಳಗೆ ನಿಲ್ಲಿಸಿ ಹೇಳಿದನಂತೆ, ನಿನ್ ಹೆಸರು ಕೂಗು ಓರೇಲಿಯಾ. ಕೂಗಿದಳು. ಹೆಸರು ಮೇಲೆ ಹೋಯಿತು, ಹೋಯಿತು, ಮತ್ತೆ ಎಷ್ಟೋ ಹೊತ್ತಿನ ಮೇಲೆ ದೊಡ್ಡ ಹೆಂಗಸಿನ ದನಿಯಾಗಿ ಇಳಿದು ಬಂತು. ಅದನ್ನೇ ಬರೆದಿದ್ದಾರೆ, ನಾನು ಒಂದು ಸ್ವರ ಕಳಿಸುವುದು, ಅದು ಗೋಡೆಗೆ ಬಡಿದು ಹಿಂದಕ್ಕೆ ಬರುವುದು, ಬರುವಾಗ ಅದರ ಹೆಗಲ ಮೇಲೆ ಇನ್ನೊಂದನ್ನು ಕೂರಿಸುವುದು, ತಂತಿಯವರು ನಡುವೆ ಧೂಳಿನ ಹಾಗೆ ಹಾರಾಡುವುದು. ನನಗಿಂತಲೂ ಹಳೆಯದು ಈ ಸಂಗೀತ. ಆಗ ಯಾರೋ ವಾದ್ಯವೃಂದದ ನಿರ್ದೇಶಕ ಒಮ್ಮೆ ಅಭ್ಯಾಸ ಮಾಡಿಸಿ, ಕಛೇರಿಗೆ ಎರಡು ದಿನ ಇದ್ದಾಗ ಕೈಬಿಟ್ಟನಂತೆ. ಇದ್ರಲ್ಲಿ ಮೌನ ಜಾಸ್ತಿಯಾಯ್ತು ಮಿಸ್ ಟಿಬ್ಸ್, ಜನ ಮುಗೀತು ಅಂದ್ಕೊಂಡು ಕೋಟು ಹಾಕ್ಕೊಳ್ತಾರೆ. ಅವರು ಕಾಗದ ಎತ್ತಿಕೊಂಡು ಬಂದು ಬೀರುವಿನಲ್ಲಿ ಚಳಿಗಾಲದ ಹೊದಿಕೆಗಳ ಕೆಳಗೆ ಇಟ್ಟರು. ನಲವತ್ತಾರು ವರ್ಷ. ಈಗ ಮೇ ತಿಂಗಳಲ್ಲಿ ಡಿಸ್ಕ್ ಬರುತ್ತದೆ, ಜೂನಿನಲ್ಲಿ ಕಣಜದೊಳಗೇ ಕಛೇರಿ, ಇನ್ನೂರು ಕುರ್ಚಿ, ಆದರೆ ಮೊದಲು ಈ ಒಂಬತ್ತು ನಿಮಿಷ, ಇವತ್ತು, ಈ ಅರ್ಧ ಬಾಯಿ.

ನಾಲ್ಕನೇ ಟೇಕ್ ಅಂದ ವೆಂಡಲ್, ಎಲ್ಲರೂ ರೆಡಿನಾ, ತಂತಿವಾದ್ಯಗಳ ಬಿಲ್ಲುಗಳು ಏರಿದವು, ನಾನು ಉಸಿರೆಳೆದೆ, ತುಟಿ ಮುಚ್ಚಿತು, ಸರಿಯಾಗಿ ಮುಚ್ಚಿತು, ಆಹಾ ಈ ಸಲ — ಗುಂಯ್ಯ್. ಫ್ಯಾನು. ಇನ್ನೂ ಮೂರಾಗಿಲ್ಲ, ಎರಡು ಐವತ್ತು, ಮೋಸ ಇದು! ಚೆಲ್ಲೋದ ಎಮೆಟ್‌ನ ಮಡಿಲಿಗೆ ವಾದ್ಯ ಒರಗಿಸಿ ಓಡಿದೆ, ಎಲ್ಲಿಗೇ ಅಂತಾನೆ ಅವನು, ಮೆಟ್ಟಿಲು ಎರಡೆರಡು ಹಾರಿ ಇಳಿದೆ, ಅಡುಗೆಮನೆಯಲ್ಲಿ ಸ್ಟಾಶಾ ಗ್ರಬೊವ್ಸ್ಕಿ, ನನ್ನ ಅಮ್ಮನ ಗೆಳತಿ, ಎಪ್ಪತ್ತು ದಾಟಿದ ಹೆಂಗಸು, ಹಿಟ್ಟಿನಲ್ಲಿ ಮೊಣಕೈವರೆಗೆ. ಆರಿಸಿ ಅದನ್ನ! ಏನೇ ಇದು ಬಂದವಳೇ ಆರ್ಡರ್ರು? ಮೂರಕ್ಕೆ ಅಂದಿದ್ರಿ! ಎಣ್ಣೆ ಕಾಯೋಕೆ ಟೈಮ್ ಬೇಡ್ವೇನೇ, ಹೊರಗೆ ನೋಡು, ಹಿಮದಲ್ಲಿ ಸಾಲು ಆಗ್ಲೇ ಮೂಲೆ ದಾಟಿದೆ, ನಾನೂರು ಜನಕ್ಕೆ ಏನು ನಿನ್ ಸಂಗೀತ ಬಡಿಸ್ಲಾ? ಬೆಳಿಗ್ಗೆಯಿಂದ ಕೇಳ್ತಿದೀನಿ, ಹಸು ಕರು ಹಾಕೋ ಹಾಗಿದೆ. ಹಿಂದೆ ಎಲೆಕೋಸು ಹೆಚ್ಚುತ್ತಿದ್ದ ಹೆಂಗಸರು ಕಿಸಕ್ಕೆಂದರು. ನನಗೆ ಅಳು ಬರಬೇಕಿತ್ತು, ಬರಲಿಲ್ಲ, ಯಾಕೋ ಕಾಲಿನಿಂದ ತಲೆಯವರೆಗೆ ಧಗಧಗ ಅನ್ನುತ್ತಿತ್ತು. ಸ್ಟಾಶಾ ಆಂಟಿ, ಒಂಬತ್ತೇ ನಿಮಿಷ, ಮೇಲೆ ಮಿಸ್ ಟಿಬ್ಸ್ ಕೂತಿದಾರೆ, ಅವರು ಬರೆದಿದ್ದು ಇದು, ಕಿವಿ ಹೋಗ್ತಾ ಇದೆ ಅವರಿಗೆ. ಆಕೆಯ ಕೈ ಹಿಟ್ಟಿನಲ್ಲೇ ನಿಂತಿತು. ಯಾವ ಟಿಬ್ಸು? ಶಾಲೆ ಬ್ಯಾಂಡಿನ ಟಿಬ್ಸಾ? ಹೂಂ. ನಮ್ಮ ಮಗ ಲೇಶೆಕ್‌ಗೆ ಟ್ರಂಬೋನ್ ಹೇಳಿಕೊಟ್ಟ ಟಿಬ್ಸಾ, ಆ ಪೆದ್ದನಿಗೆ? ಹೂಂ ಆಂಟಿ. ಯೇಸುವೇ, ಮೊದ್ಲೇ ಬೊಗಳೋದಲ್ವೇನೇ! ಎಲ್ಲರೂ ಅವನನ್ನ ಹಿಂದಿನ ಬೆಂಚಿಗೆ ತಳ್ಳಿದಾಗ ಆಕೆ ಒಬ್ಬಳೇ ಮನೆಗೆ ಬಂದು ಕೂತು ಕಲಿಸಿದ್ದು, ಗೊತ್ತಾ ನಿಂಗೆ, ನಮ್ಮ ಯಜಮಾನ್ರು ಸತ್ತ ವರ್ಷ. ಹಿಟ್ಟಿನ ಕೈಯಿಂದಲೇ ಸ್ವಿಚ್ಚು ಹೊಡೆದಳು, ಫ್ಯಾನು ನರಳುತ್ತಾ ನಿಂತಿತು, ಎಣ್ಣೆಯ ಉರಿ ಆರಿಸಿದಳು. ಹತ್ತು ನಿಮಿಷ ಕೊಟ್ಟೆ, ಹನ್ನೊಂದನೇದಕ್ಕೆ ನೀನೇ ಬಂದು ಆ ಜನಕ್ಕೆ ಸಮಾಧಾನ ಹೇಳು, ಏಯ್ ನೀವೆಲ್ಲ ಚಾಕು ಕೆಳಗಿಡಿ, ಯಾರಾದ್ರೂ ಕೆಮ್ಮಿದ್ರೆ ನೋಡಿ. ಸೌಟು ಹಿಡಿದು ಬೀದಿಬಾಗಿಲಿಗೆ ಹೊರಟಳು, ಸಾಲಿನಲ್ಲಿ ನಿಂತವರ ಬಾಯಿ ಮುಚ್ಚಿಸಲು, ಆಕೆಗೆ ಮುತ್ತಿಡಬೇಕು ಅನ್ನಿಸಿತು, ಮುತ್ತಿಟ್ಟೆ, ಕೆನ್ನೆಗೆ ಹಿಟ್ಟು ಮೆತ್ತಿತು.

ಮೇಲೆ ಬಂದಾಗ ಎಮೆಟ್ ಕೇಳಿದ, ಯಾರನ್ನ ಕೊಂದೆ? ಮಾತಾಡಬೇಡ, ಹಿಡಿ, ಕೊಡು ಇಲ್ಲಿ, ವೆಂಡಲ್ ಬೇಗ! ಕೆಂಪು ದೀಪ ಉರೀತಿದೆ, ಅಂದ ವೆಂಡಲ್, ಯಂತ್ರ ಓಡ್ತಾನೇ ಇದೆ, ನಿಮ್ಮದೇ ತಡ. ಉಸಿರು. ಮೊದಲ ಸ್ವರ. ಹೋಯಿತು, ಕಮಾನುಗಳ ಕೆಳಗೆ, ಬಣ್ಣದ ಗಾಜುಗಳ ಮೇಲೆ, ಹಿಂದಿನ ಗೋಡೆಯ ದೊಡ್ಡ ಆರ್ಗನ್ನಿನವರೆಗೆ, ಕಾಯಬೇಕು, ಕಾಯುತ್ತೇನೆ, ಬಂತು, ನನಗಿಂತ ದೊಡ್ಡದಾಗಿ ಬಂತು, ಅದರ ಹೆಗಲ ಮೇಲೆ ಎರಡನೆಯದು, ಪಿಟೀಲಿನವನು ಕಣ್ಣು ಮುಚ್ಚಿದ್ದಾನೆ, ಅಬ್ಬಾ ಎಂಥ ತೆಳುವಾಗಿ ಎಳೆಯುತ್ತಿದ್ದಾನೆ, ಬೆಳಿಗ್ಗೆಯಿಂದ ಎಲ್ಲಿ ಬಚ್ಚಿಟ್ಟಿದ್ದ ಇದನ್ನು, ಮಿಸ್ ಟಿಬ್ಸ್‌ಗೆ ಕೇಳುವುದಿಲ್ಲವಲ್ಲ, ಆದರೂ ಅವರಿಗಾಗಿಯೇ ಎಳೆಯುತ್ತಿದ್ದಾನೆ. ಓಡಿಬಂದ ಬಿಸಿಗೋ ಏನೋ ತುಟಿ ಮೇಣದ ಹಾಗಿಲ್ಲ, ಮಾಂಸದ ಹಾಗಿದೆ, ನನ್ನದೇ ಆಗಿದೆ, ಇನ್ನೂ ಮೂರು ಉಸಿರು, ಯೋಚಿಸಬೇಡ, ಯೋಚಿಸಿದರೆ ಸೋರುತ್ತದೆ, ಎಮೆಟ್ ತಲೆಯಾಡಿಸಿದ, ಎರಡು, ಕೆಳಗೆ ಇಡೀ ಬೀದಿ ಸುಮ್ಮನಿದೆ, ನಾನೂರು ಜನ ಹಿಮದಲ್ಲಿ ಹಸಿದು ಸುಮ್ಮನಿದ್ದಾರೆ, ಒಂದು, ಈಗ — ಏನೂ ಇಲ್ಲದ ಕಡೆಯಿಂದ ಅದು ಎದ್ದಿತು, ತಳದ ಸ್ವರ, ಮೊದಲು ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಹಲ್ಲಿಗೆ, ಆಮೇಲೆ ನೆಲಕ್ಕೆ, ತುಂಬಲಿ, ತುಂಬಲಿ, ಬಲಮೂಲೆ ನಡುಗುತ್ತಿದೆ, ನಡುಗಲಿ, ಬಿಡಬಾರದು, ಆಗಲೇ ನನ್ನ ಕಣ್ಣು ಮೂರನೇ ಬೆಂಚಿಗೆ ಹೋಯಿತು, ಅವರು ಕೈಗವಸು ಕಳಚಿ ಬರಿಗೈಯನ್ನು ಮುಂದಿನ ಬೆಂಚಿನ ಮರದ ಮೇಲೆ ಚಪ್ಪಟೆಯಾಗಿ ಇಟ್ಟಿದ್ದಾರೆ, ಐದೂ ಬೆರಳು ಅಗಲಿಸಿ, ಕುದುರೆಯ ಬೆನ್ನು ಮುಟ್ಟಿ ನೋಡುವವರ ಹಾಗೆ, ಮರ ನಡುಗುತ್ತಿದೆ, ಕೈ ನಡುಗುತ್ತಿದೆ, ನನ್ನ ಉಸಿರು ಅವರ ಅಂಗೈಯಲ್ಲಿದೆ. ಸೋರಲಿಲ್ಲ. ನಿಲ್ಲಿಸಿದೆ. ಸೋರಲಿಲ್ಲ!

ಈಗ ಯಾರೂ ಅಲುಗಬಾರದು, ಕಾಗದದಲ್ಲಿ ಪೆನ್ಸಿಲಿನಿಂದ ಬರೆದಿದ್ದಾರೆ, ಪೂರ್ತಿ ಹಿಂದಕ್ಕೆ ಬರುವವರೆಗೆ ಕಾಯಿರಿ. ಹೋಗುತ್ತಿದೆ, ಗಾಜಿಗೆ, ಕಮಾನಿಗೆ, ತಿರುಗುತ್ತಿದೆ, ಐದು, ಆರು, ಏಳು, ನನ್ನ ಕಿವಿಗೆ ಮುಗಿಯಿತು, ಉಡುಪಿನ ಕೋಣೆಯ ಬಾಗಿಲು ಕೂದಲೆಳೆಯಷ್ಟು ತೆರೆದಿದೆ, ಸಂದಿಯಲ್ಲಿ ವೆಂಡಲ್‌ನ ಎರಡೂ ಹೆಬ್ಬೆರಳು ಮೇಲೆ, ಸಿಕ್ಕಿತು, ಸಿಕ್ಕಿಬಿಟ್ಟಿತು, ಕೂಗಬೇಕು, ಕುಣಿಯಬೇಕು, ಎಮೆಟ್‌ನ ಕಣ್ಣಲ್ಲಿ ನೀರು, ಯಂತ್ರ ನಿಲ್ಲಿಸಬಹುದು ಈಗ, ಹತ್ತು, ಹನ್ನೊಂದು, ಆದರೆ ಅವರ ಕೈ ಇನ್ನೂ ಮರದ ಮೇಲಿದೆ, ನಮಗೆ ಮುಗಿದದ್ದು ಅವರಿಗೆ ಮುಗಿದಿಲ್ಲ, ಮರದೊಳಗೆ ಇನ್ನೂ ಏನೋ ಬರುತ್ತಿದೆ, ತುಟಿ ಅಲ್ಲಾಡುತ್ತಿದೆ ಅವರದು, ತಮ್ಮ ಹೆಸರನ್ನೇ ಕೂಗಿ ಕೇಳಿಸಿಕೊಳ್ಳುವವರ ಹಾಗೆ, ಯಾರೂ ಉಸಿರಾಡುತ್ತಿಲ್ಲ, ಆ ಕೈ, ಮರದ ಮೇಲೆ ಆ ಬರಿಗೈ, ಐದೂ ಬೆರಳು ಅಗಲಿಸಿ, ಎತ್ತುತ್ತಿಲ್ಲ, ಎತ್ತುತ್ತಿಲ್ಲ, ಆ ಕೈ —