ರದ್ದಿಗೆ ಹೋದ ಅರ್ಜಿಗಳು

ಎಣ್ಣೆ ಇಳಿದು ಕಾಗದ ತೆಳ್ಳಗಾಗಿದೆ, ಹಿಂದಿನ ಅಕ್ಷರಗಳು ಮುಂದೆ ಬಂದು ಮುಂದಿನವುಗಳ ಮೇಲೆ ಕೂತಿವೆ, ಊರು ಅನ್ನುವ ಕಡೆ ಅ ಕಾಣುತ್ತದೆ, ಅಂಕಲಿಯೇ, ಅಯ್ಯೋ ದೇವರೇ ಅಂಕಲಿಯೇ ಇರಬೇಕು — ಅಲ್ಲ, ಅಥಣಿ, ಪುಣ್ಯ, ಯಾರದಾದರೂ ಆಗಲಿ ನನ್ನದಲ್ಲ, ಅಂದುಕೊಂಡು ಅಕ್ಕುತಾಯಿ ನಾಲ್ಕನೇ ಪೊಟ್ಟಣವನ್ನೂ ಮಡಚಿ ಚೀಲಕ್ಕೆ ತುರುಕಿದಳು. ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಭಜಿ ಗಾಡಿಯವನು ನೋಡುತ್ತಾನೆ, ನೋಡಲಿ, ಚತುರ್ದಶಿಯ ದಿನ ಉಳ್ಳಾಗಡ್ಡಿ ಭಜಿ ನಾಲ್ಕು ಪ್ಲೇಟು ಕೊಂಡು ಒಂದನ್ನೂ ಬಾಯಿಗೆ ಹಾಕದೆ ಪೊಟ್ಟಣದ ಕಾಗದ ಓದುವ ಜೈನರ ಹೆಂಗಸು, ಮನೆಯಲ್ಲಿ ಅತ್ತೆ ಕಂಡಿದ್ದರೆ ಬಸದಿಗೆ ಸೇರಿಸುತ್ತಿರಲಿಲ್ಲ, ಆದರೆ ಅವನಿಗೆ ಬೆಳಗಿನಿಂದ ಇಂಥವರೇ ಗಿರಾಕಿ, ಭಜಿ ಬ್ಯಾಡೋ ಯಪ್ಪಾ ಬರೇ ಕಾಗದ ಕೊಡು ಅಂದರೆ ಬರೇ ಕಾಗದ ಕೊಡೂದಿಲ್ರಿ, ಭಜಿ ಸಂಗಾಟ ಅಷ್ಟ, ಅಂತಾನೆ, ಎರಡು ರೂಪಾಯಿ ಪ್ಲೇಟನ್ನು ನಾಲ್ಕು ಮಾಡಿದ್ದಾನೆ, ಊರಿಗೆಲ್ಲ ಹೊಟ್ಟೆಯುರಿ ಹತ್ತಿದರೆ ಇವನಿಗೆ ಸುಗ್ಗಿ. ಇನ್ನೆರಡು ಕೊಳ್ಳಲೇ ಅಂದುಕೊಂಡಳು, ಬೇಡ, ಹತ್ತೂವರೆ ಆಯಿತು, ಸೊಸೈಟಿಯ ಬಾಗಿಲು ತೆಗೆದಿರುತ್ತಾರೆ.

ಕಂಪ್ಯೂಟರ್ ಬಂತಂತೆ ಸೊಸೈಟಿಗೆ, ಎರಡು ಕಂಪ್ಯೂಟರಿಗೆ ಹಾರ ಹಾಕಿ ಕುಂಕುಮ ಹಚ್ಚಿ ಪೇಢೆ ಹಂಚಿದರಂತೆ, ಮತ್ತೆ ಅವನ್ನು ಇಡಲಿಕ್ಕೆ ಜಾಗ ಬೇಕಲ್ಲ, ಕಪಾಟಿನಿಂದ ಹಳೇ ಅರ್ಜಿಗಳ ಗಂಟು ಇಳಿಸಿ ಕಿಲೋ ಲೆಕ್ಕದಲ್ಲಿ ರದ್ದಿಯವನಿಗೆ ಹಾಕಿಬಿಟ್ಟರು, ಎಂಥ ಶಾಣ್ಯಾರು, ಬಂಗಾರ ಒತ್ತೆಯಿಟ್ಟು ಸಾಲ ತೆಗೆದವರ ಅರ್ಜಿಗಳು, ಫೋಟೋ ಸಮೇತ, ಸಹಿ ಸಮೇತ, ಸಾಲ ಯಾತಕ್ಕೆ ಅನ್ನುವ ಕಾರಣ ಸಮೇತ. ರದ್ದಿ ಭಜಿಯವರಿಗೆ ಹೋಯಿತು, ಭಡಂಗ ಚುರಮುರಿಯವರಿಗೆ ಹೋಯಿತು, ಚಿಕ್ಕೋಡಿ ರಾಯಬಾಗದ ಸಂತೆಗೂ ಹೋಯಿತು, ಹೋದ ಗುರುವಾರ ಆಬಾಸಾಹೇಬ ದೇಸಾಯರ ಹೆಂಡತಿ ಮೆಣಸಿನಕಾಯಿ ಭಜಿ ತರಿಸಿ ಬಿಚ್ಚಿದರೆ ಒಳಗೆ ಗಂಡನ ಫೋಟೋ, ಒತ್ತೆ ಇಟ್ಟದ್ದು ಅವಳದೇ ಪಾಟ್ಲಿ ಬಳೆ, ಕಾರಣ ಕೊಲ್ಲಾಪುರದಲ್ಲಿ ಇನ್ನೊಂದು ಮನೆ ಕಟ್ಟಲು. ಎರಡನೇ ಮನೆ ಯಾರಿಗೆ ಅಂತ ಬರೆದಿರಲಿಲ್ಲ, ಬರೆಯುವುದು ಬೇಕಾಗಿಯೂ ಇರಲಿಲ್ಲ, ಆ ಪುಣ್ಯಾತ್ಮ ಎರಡು ದಿನದಿಂದ ತೋಟದಲ್ಲೇ ಮಲಗುತ್ತಿದ್ದಾನಂತೆ. ಅಂಕಲಿಯ ಬಾವಿಕಟ್ಟೆಯ ಮೇಲೆ ಹೆಂಗಸರು ಬಿದ್ದು ಬಿದ್ದು ನಕ್ಕರು, ಅಕ್ಕುತಾಯಿಯೂ ನಕ್ಕಳು, ನಗುತ್ತ ನಗುತ್ತ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಮನೆಗೆ ನಡೆದಳು.

ಯಾಕೆಂದರೆ ಅಕ್ಕುತಾಯಿಯ ಅರ್ಜಿಯೂ ಅಲ್ಲೇ ಇತ್ತು, ಎಂಬತ್ತಾರನೇ ಇಸವಿಯದು, ಒಂಬತ್ತು ವರ್ಷದ ಹಿಂದಿನದು. ರಾಜಮತಿಗೆ ಆಗ ಒಂಬತ್ತೇ ವರ್ಷ, ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದ ಹುಡುಗಿ ಹಂಗೇ ಹಿಂದಕ್ಕೆ ಬಿತ್ತು, ಕಣ್ಣು ಮೇಲಕ್ಕೆ, ಬಾಯಲ್ಲಿ ನೊರೆ, ಕೈಯಾಗ ಕಬ್ಬಣ ಕೊಡ ಬೇ ಅಂತ ಅತ್ತೆ ಕೂಗಿದಳು, ಕೀಲಿಕೈಯ ಗೊಂಚಲು ಕೊಟ್ಟರೆ ಆ ಸಣ್ಣ ಕೈ ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ — ಬ್ಯಾಡ, ನೆನಪು ಮಾಡಬಾರದು, ನೆನಪು ಮಾಡಿದರೆ ಮತ್ತೆ ಬರುತ್ತದೆ ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ. ಮಿರಜಿಗೆ ಮೂರು ವರ್ಷ ಓಡಾಡಿದರು, ಡಾಕ್ಟರು ಖುದ್ದು ಹೇಳಿದರು, ಬಾಯಾರ, ಇನ್ನ ಇದು ಮುಗೀತು, ಹೆದರಬ್ಯಾಡ್ರಿ, ಗುಳಿಗಿ ಬಂದ ಮಾಡ್ರಿ, ಆಮೇಲೆ ಆರು ವರ್ಷ ಒಂದು ಸಲವೂ ಬಂದಿಲ್ಲ, ಒಂದೇ ಒಂದು ಸಲ. ಹುಡುಗಿ ಈಗ ಹದಿನೆಂಟರ ಗೊಂಬೆ, ಐಗಳಿಯ ದ್ರಾಕ್ಷಿ ತೋಟದವರು ತಾವಾಗಿ ಕೇಳಿಕೊಂಡು ಬಂದರು, ಹುಡುಗ ಶ್ರೀಪಾಲ, ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ, ನಿಶ್ಚಯದ ಸಾಖರಪುಡಾ ಮುಗಿದು ಹದಿನೈದು ದಿನ, ಲಗ್ನಕ್ಕೆ ಇನ್ನು ಇಪ್ಪತ್ತು ದಿನ. ಇದ್ದದ್ದ ಇದ್ದಂಗ ಹೇಳಿಬಿಡೂಣು ಅಂತ ಗಂಡ ಪಾರಿಸ ಅಂದಿದ್ದ, ಗಂಡಸರಿಗೆ ಏನು, ಹೇಳಿ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಎದ್ದು ಹೋಗುತ್ತಾರೆ, ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತ ಹಿರಿಯರು ಸುಮ್ಮನೆ ಅಂದಿಲ್ಲ, ಅದೂ ಇದು ಸುಳ್ಳೂ ಅಲ್ಲ, ಇಲ್ಲದ ರೋಗವನ್ನು ಐತಿ ಅಂತ ಯಾಕೆ ಸಾರಬೇಕು, ತನ್ನ ಚಿಕ್ಕಮ್ಮನ ಮಗಳಿಗೆ ಹಂಗೇ ಹೇಳಿ ಏನಾಯಿತು, ಮೂರು ಮನೆಯವರು ಬಂದು ಅವಲಕ್ಕಿ ತಿಂದು ಹೋದರು, ನಾಲ್ಕನೆಯವರು ಬರಲೇ ಇಲ್ಲ. ಚಿಕ್ಕೋಡಿಯಲ್ಲಿ ಸಾಲ ತೆಗೆದರೆ ಗುರುತಿನವರು ನೋಡುತ್ತಾರೆ ಅಂತ ತವರಿನ ಬಂಗಾರದ ಸರ, ಬೋರಮಾಳ, ಸೆರಗಿನಲ್ಲಿ ಕಟ್ಟಿಕೊಂಡು ನಿಪ್ಪಾಣಿಯ ತನಕ ಬಂದವಳು ಅವಳು, ಖರೇ ಕಾರಣ ಬರದ್ರ ಸಾಲ ಲಗೂನ ಮಂಜೂರ ಆಗತೈತಿ ಅಂತ ಕಾರಕೂನ ಅಂದದ್ದಕ್ಕೆ ಏಳನೇ ಕಾಲಮಿನಲ್ಲಿ ತನ್ನ ಕೈಯಾರೆ ಬರೆದಳು, ಮಗಳ ಫಿಟ್ಸಿನ ಉಪಚಾರಕ್ಕೆ. ಸಾಲ ಯಾವಾಗಲೋ ತೀರಿತು, ಬೋರಮಾಳ ಮನೆಗೆ ಬಂತು, ಆ ಮೂರು ಶಬ್ದ ಅಲ್ಲೇ ಉಳಿದವು, ಈಗ ಯಾವ ಪೊಟ್ಟಣದಲ್ಲಿ ಯಾವ ಊರಿಗೆ ಹೊರಟಿವೆಯೋ ಗೊತ್ತಿಲ್ಲ.

ಸೊಸೈಟಿಯ ಮುಂದೆ ಜಾತ್ರೆ ಕೂಡಿದಂತೆ ಜನ, ಬಾಗಿಲಿಗೆ ಬೋರ್ಡು, ಗ್ರಾಹಕರು ಗಾಬರಿಯಾಗಬಾರದು, ಎಲ್ಲ ಅರ್ಜಿಗಳು ಹೋಗಿಲ್ಲ, ನಿಮ್ಮದು ಹೋಗಿದೆಯೋ ಇಲ್ಲವೋ ತಿಳಿಯಲು ಹಳದಿ ಫಾರ್ಮು ತುಂಬಿರಿ, ಹೆಸರು, ಊರು, ಜಾಮೀನು, ಒತ್ತೆಯ ವಿವರ, ಕಾರಣ, ಹಳೇ ಅರ್ಜಿಯಲ್ಲಿ ಬರೆದಂತೆಯೇ ಬರೆಯಬೇಕು, ಇಲ್ಲವಾದರೆ ತಾಳೆಯಾಗುವುದಿಲ್ಲ, ಬಂದವರಿಗೆಲ್ಲ ಪಾಸ್‌ಬುಕ್ಕು ಇಡಲು ಪ್ಲಾಸ್ಟಿಕ್ ಪಾಕೀಟು ಪುಕ್ಕಟೆ. ಕಳದವ್ರು ನೀವ, ಮತ್ತ ಬರಕೊಡೂವ್ರು ನಾವ, ಕಳ್ಳನ ಕೈಯಾಗ ಕೀಲಿ ಕೊಟ್ಟಂಗಾತು ಬಿಡ್ರಿ, ಅಂತ ಒಬ್ಬ ತಂಬಾಕಿನ ವ್ಯಾಪಾರಿ ಒದರುತ್ತಾನೆ, ಮ್ಯಾನೇಜರನ್ನ ಹೊರಗ ಕರೀರಿ ಅಂತ ಇನ್ನೊಬ್ಬ, ಸಾಹೇಬರು ಬೆಳಗಾವಿಗೆ ಮೀಟಿಂಗಿಗೆ ಹೋಗ್ಯಾರ್ರಿ ಅಂತ ಒಳಗಿನಿಂದ ಒಂದು ದನಿ, ನನ್ನದೇನೂ ಇಲ್ರಿ ನಮ್ಮ ಭಾವನ ಸಲುವಾಗಿ ಬಂದೀನಿ ಅಂತ ಕೇಳದಿದ್ದರೂ ಹೇಳುವವರು ಹತ್ತು ಮಂದಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಇಲ್ಲಿ ಸರತಿಯಲ್ಲಿ ನಿಂತವರದೆಲ್ಲ ಅದೇ ಕಥೆ, ಬೈಯುತ್ತಾರೆ, ಬೈಯುತ್ತಲೇ ಹಳದಿ ಫಾರ್ಮಿಗೆ ಕೈ ಚಾಚುತ್ತಾರೆ, ಪಾಕೀಟು ಎರಡು ಕೊಡ್ರಿ ಅಂತ ಜಗಳವಾಡುತ್ತಾರೆ. ಅಕ್ಕುತಾಯಿಯೂ ಒಂದು ಫಾರ್ಮು ಇಸಿದುಕೊಂಡಳು, ಏಳನೇ ಕಾಲಮು ಇದರಲ್ಲೂ ಖಾಲಿ ಬಿಟ್ಟುಕೊಂಡು ಕೂತಿದೆ, ಮತ್ತೆ ಬರೆಯಬೇಕು, ಆಗಲಿ, ಒಂದು ಸಲ ಬರೆದು ಆ ಹಳೇ ಕಾಗದ ಕೈಗೆ ಸಿಕ್ಕಿತೆಂದರೆ ಇಲ್ಲೇ ಕಡ್ಡಿ ಗೀರಿಬಿಡುತ್ತೇನೆ, ಯಾರು ಗುರುತಿನವರು ಇದ್ದಾರೆ ಇಲ್ಲಿ, ಅಂಕಲಿಯವರು ಒಬ್ಬರೂ ಇಲ್ಲ, ಅಂತ ಧೈರ್ಯ ತಂದುಕೊಂಡು ತಲೆ ಎತ್ತಿದಳು.

ಅಯ್ಯ ಅಕ್ಕುತಾಯಾರ, ನೀವಿಲ್ಲಿ, ಅಂದಿತು ಒಂದು ದನಿ, ಐಗಳಿಯ ಗಂಗೂಬಾಯಿ, ಶ್ರೀಪಾಲನ ತಾಯಿ, ತನ್ನ ಬೀಗತಿ, ಹಸಿರು ಇಳಕಲ್ ಸೀರೆ, ಬಲಗೈ ಹೆಬ್ಬೆರಳಿಗೆ ದಪ್ಪ ಬಿಳೀ ಪಟ್ಟಿ. ಏನಿಲ್ರಿ, ಹಂಗ ಪ್ಯಾಟಿಗೆ ಬಂದಿದ್ನಿ, ಶೇರಿನ ವಿಚಾರ ಒಂದೀಟ, ಅಂದಳು ಅಕ್ಕುತಾಯಿ, ಫಾರ್ಮನ್ನು ಸೆರಗಿನೊಳಗೆ ಎಳೆದುಕೊಂಡಳು, ಚೀಲದಿಂದ ಭಜಿಯ ವಾಸನೆ, ಥೂ, ಇವರು ಏನು ತಿಳಿದಾರು, ಗೊತ್ತಾಗಿಹೋಯಿತೇ, ಕಾಗದ ಐಗಳಿಗೆ ಮುಟ್ಟಿತೇ, ಅದಕ್ಕೇ ಬಂದರೇ — ಅಲ್ಲ, ಮುಖದಲ್ಲಿ ಸಿಟ್ಟು ಕಾಣುವುದಿಲ್ಲ, ಮತ್ತೆ ಇವರ ಎಡಗೈಯಲ್ಲೂ ಹಳದಿ ಕಾಗದ, ಇವರೂ, ಇವರೂ ಊರು ಬಿಟ್ಟು ದೂರ ಬಂದು ಸಾಲ ತೆಗೆದವರೇ! ಸಮಾಧಾನ ಅನ್ನುವುದು ಎಷ್ಟು ನಾಚಿಕೆಗೇಡಿ ಇರುತ್ತದೆ, ಆ ಗಳಿಗೆಯಲ್ಲಿ ಅವಳಿಗೆ ಖುಷಿಯೇ ಆಯಿತು. ನಮ್ಮ ತವರ ಇಲ್ಲೇ ಬಾಜೂಕ ಕೊಗನೊಳ್ಳಿ ಅಲ್ರೀ, ಅಣ್ಣನ ಜಾಮೀನ ಮ್ಯಾಲ ಇಲ್ಲೇ ಖಾತೆ ತೆಗಸಿದ್ನಿ ಆಗ, ಅಂದಳು ಗಂಗೂಬಾಯಿ, ನೆಲ ನೋಡಿದಳು, ಆಮೇಲೆ ಬೆರಳು ತೋರಿಸಿದಳು, ಜೀಪಿನ ಬಾಗಲಾಗ ಸಿಕ್ಕೈತಿ, ಪೆನ್ನ ಹಿಡಿಯಾಕ ಬರವಲ್ದು, ಓದಾಕ ಬರತೈತಿ ಬರಿಯಾಕ ಆಗವಲ್ದು, ಮಂದೀ ಕೈಲೆ ಬರಸೂದು ಬ್ಯಾಡಂತ ಬೆಳಗಿಂದ ಹಿಂಗ ನಿಂತೀನಿ, ನೀವರ ಬರದ ಕೊಡ್ರಿ.

ಕಟ್ಟೆಯ ಮೇಲೆ ಕೂತರು, ಅಕ್ಕುತಾಯಿ ಬರೆದಳು, ಹೆಸರು, ಊರು, ಜಾಮೀನು, ಒತ್ತೆಗೆ ಕೊರಳ ಟೀಕಿ ಒಂದು ಪಾಟ್ಲಿ ನಾಲ್ಕು, ಕಾರಣ ಏನ್ರಿ ಅಂದಳು, ಸಹಜವಾಗಿ ಕೇಳಿದಂತೆ ಕೇಳಿದಳು. ಗಂಗೂಬಾಯಿ ಆಚೆ ಈಚೆ ನೋಡಿದಳು, ಕಿವಿಯ ಹತ್ತಿರ ಬಂದಳು, ಬರೀರಿ, ಯಜಮಾನರ ತಲೀ ಉಪಚಾರಕ್ಕೆ, ಧಾರವಾಡ. ಪೆನ್ನು ನಿಂತಿತು. ಹೌದ್ರೀ, ಏಳ ತಿಂಗಳ ಇಟ್ಟಿದ್ವಿ ಅಲ್ಲಿ, ಶಿಖರಜಿ ಯಾತ್ರಾಕ್ಕ ಹೋಗ್ಯಾರ ಅಂತ ಊರಿಗೆ ಹೇಳಿದ್ನಿ, ಬರೂಮುಂದ ನಾನ ಎಲ್ಲಾರಿಗೂ ಪ್ರಸಾದ ಹಂಚಿದ್ನಿ, ಬೆಳಗಾವಿ ಅಂಗಡಿಯಾಗ ಕೊಂಡ ಸಕ್ಕರಿ ಅದು, ದೇವರ ಹೆಸರಲೆ ಸುಳ್ಳ ಹೇಳಿದ ಪಾಪ ಇನ್ನೂ ಸುಡತೈತಿ, ನಿಮಗ ಹೇಳಬೇಕಂತ ಸಾಖರಪುಡಾ ದಿನ ಎರಡ ಸಲ ಬಾಯಿಗೆ ಬಂದಿತ್ತು, ಧೈರ್ಯ ಆಗಲಿಲ್ಲ, ಈಗ ಹೇಳೀನಿ, ಹೆಣ್ಣ ಕೊಡೂವ್ರು ನೀವು, ಒಲ್ಲೆ ಅಂದ್ರ ಒಲ್ಲೆ ಅನ್ರಿ, ನಾ ಬ್ಯಾಸರಾ ಮಾಡಕೊಳ್ಳೂದಿಲ್ಲ. ಇವಳ ಗಂಡ ಭೂಪಾಲಣ್ಣ, ಆ ಬಿಳೀ ಧೋತರದ ಮನುಷ್ಯ, ರಾಜಮತಿಯ ತಲೆ ಸವರಿ ನಮ್ಮ ಮನಿ ಲಕ್ಷ್ಮಿ ಅಂದವನು, ಆತನ ಕಣ್ಣು ಹಂಗೇ ಒಂದೇ ಕಡೆ ನೆಟ್ಟಿರುತ್ತಿತ್ತಲ್ಲ, ಆಗಲೇ ಅನುಮಾನ ಬರಬೇಕಿತ್ತು, ಹುಚ್ಚರ ಮನೆಗೆ ನನ್ನ ಕೂಸನ್ನು ಕೊಡಲೇ, ಮಗನಿಗೂ ಬಂದರೆ, ಇಷ್ಟು ದೊಡ್ಡ ಮಾತು ಮುಚ್ಚಿಟ್ಟರಲ್ಲ ಈ ಜನ, ಎಂಥ ಗಟ್ಟಿಗಿತ್ತಿ ಇವಳು — ಅಂತ ಮನಸ್ಸು ಓಡಿ ಓಡಿ, ತಟ್ಟನೆ ತನ್ನ ಸೆರಗಿನೊಳಗಿನ ಹಳದಿ ಕಾಗದ ಗರಗರ ಅಂದಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಷ್ಟಕ್ಕ ಯಾರರ ಒಲ್ಲೆ ಅಂತಾರೇನ್ರೀ, ಯಾರ ಮನಿಯಾಗ ಇಲ್ಲ ಹೇಳ್ರಿ, ಅಂದಳು, ಬಾಯಿಯೇ ಅಂದಿತು ಅದನ್ನು, ಗಂಗೂಬಾಯಿಯ ಕಣ್ಣಲ್ಲಿ ದಳದಳ ನೀರು, ನನ್ನ ಜೀವಾ ಹಗರಾತ್ರೀ ತಂಗಿ, ಇನ್ನ ನಿಮ್ಮದ ತುಂಬ್ರಿ, ಶೇರಿನದ ಅಂದ್ರಲ್ಲ, ನಾ ಇಲ್ಲೇ ಕುಂಡರತೀನಿ, ಕೂಡೇ ಕೊಡೂಣು.

ಈಗ ಹೇಳು, ಇದೇ ಹೊತ್ತು, ಹೇಳಬೇ, ಆಕೆ ಹೇಳಿದಳಲ್ಲ, ನಮ್ಮದೂ ಹಿಂಗ ಒಂದ ಇತ್ರೀ ಅಂದರೆ ಮುಗಿಯಿತು, ಅಪ್ಪಿಕೊಂಡಾಳು, ಆಕೆ ಅಂಥವಳೇ, ಆದರೆ ಗಂಡನಿಗೆ ತಲೆ ಕೆಟ್ಟದ್ದು ಬೇರೆ, ಸೊಸೆಯಾಗುವವಳಿಗೆ ಫಿಟ್ಸು ಬೇರೆ, ಗಂಡಿನವರದು ಬರೀ ಮಾತಾಗಿ ಹೋಗುತ್ತದೆ, ಹೆಣ್ಣಿನವರದು ಬಾಳನ್ನೇ ತಿನ್ನುತ್ತದೆ, ಅಪ್ಪಿಕೊಂಡು ಊರಿಗೆ ಹೋಗಿ ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಬೇಡ ಅಂದರೆ, ಇಪ್ಪತ್ತೇ ದಿನ, ರಾಜಮತಿ ನಿನ್ನೆ ಕನ್ನಡಿಯ ಮುಂದೆ ಹಾಡಿಕೊಳ್ಳುತ್ತಿದ್ದಳು. ಆಕೆಗೆ ಓದಲಿಕ್ಕೆ ಬರುತ್ತದೆ, ಪಕ್ಕದಲ್ಲೇ ಕೂತಿದ್ದಾಳೆ, ಮೊಳಕಾಲು ಮೊಳಕಾಲಿಗೆ ತಾಗುತ್ತಿದೆ, ಖರೇ ಬರೆದರೆ ಈಕೆ ಓದುತ್ತಾಳೆ, ಸುಳ್ಳು ಬರೆದರೆ ತಾಳೆಯಾಗದೆ ಕಾಗದ ಸಿಗುವುದಿಲ್ಲ, ಸಿಗದಿದ್ದರೆ ಹೋಗಲಿ ಹಾಳಾಗಿ, ಭಜಿ ತಿಂದವರು ಎಲ್ಲರೂ ಓದುತ್ತಾರೇನು, ಮುದ್ದೆ ಮಾಡಿ ಗಟಾರಕ್ಕೆ ಒಗೆಯುತ್ತಾರೆ. ಮನೆ ದುರಸ್ತಿಗೆ, ಅಂತ ಬರೆದಳು. ಶೇರಿಂದಲ್ಲ ಸಾಲದ್ದ ಐತ್ರಿ ಇದು, ಅಂತ ಅಂದಳು, ಗಂಗೂಬಾಯಿ ನಿಧಾನ ಓದಿದಳು, ಮನಿ ಅಂದಮ್ಯಾಲ ದುರಸ್ತಿ ಇದ್ದದ್ದ ಬಿಡ್ರಿ, ನಿಮ್ಮ ಹಣೇಬರಾ ಚಲೋ, ಅಂದಳು, ಒಂಚೂರೂ ಕೊಂಕಿಲ್ಲದ ದನಿ. ಅದು ಅಕ್ಕುತಾಯಿಗೆ ಬೈಗಳಕ್ಕಿಂತ ಜೋರಾಗಿ ತಾಗಿತು.

ಖಿಡಕಿಯ ಒಳಗೆ ಕಾರಕೂನ ಲಗಮಪ್ಪ, ಕಿವಿ ಮಂದ, ಮಾತು ದೊಡ್ಡದು, ಗಂಗೂಬಾಯಿಯ ಫಾರ್ಮು ನೋಡಿ ಗಂಟಿನಲ್ಲಿ ಕೈಯಾಡಿಸಿ ನಿಮ್ಮದ ಹೋಗೇತ್ರಿ ಬಾಯಾರ, ಇಲ್ಲಿಲ್ಲ, ಅಂದ, ಆಕೆ ಹೋಗ್ಲಿ ಬಿಡಪಾ, ಹೇಳೂವ್ರಿಗೆ ಹೇಳೀನಿ, ಅಂದು ಪಾಕೀಟು ಇಸಿದುಕೊಂಡಳು. ಆಮೇಲೆ ಅಕ್ಕುತಾಯಿಯದು, ಹುಡುಕುತ್ತಾನೆ, ಸಿಗಬಾರದು, ಸಿಗಬಾರದು ಭಗವಂತಾ, ಒಂಬತ್ತು ವರ್ಷದ ಹಿಂದಿನ ಯಾವ ಕಾಗದ ಸಿಗಲಿ ಅಂತ ನಾಲ್ಕು ದಿನ ನಿದ್ದೆಗೆಟ್ಟಳೋ ಆ ಕಾಗದ ಈಗ ಸಿಗಬಾರದು, ಲಗಮಪ್ಪ ಒಂದು ಹಾಳೆ ಎಳೆದ, ಫೋಟೋ ನೋಡಿದ, ಇವಳ ಮುಖ ನೋಡಿದ, ನಕ್ಕ, ಪುಣ್ಯವಂತರ್ರೀ ನೀವು, ನಿಮ್ಮದ ಹೋಗಿಲ್ಲ, ಇಲ್ಲೇ ಗಂಟಿನ್ಯಾಗ ಐತಿ! ಹೋಗಿಲ್ಲ, ಎಲ್ಲಿಗೂ ಹೋಗಿಲ್ಲ, ಅಂಕಲಿಗೂ ಇಲ್ಲ ಐಗಳಿಗೂ ಇಲ್ಲ, ಒಂಬತ್ತು ವರ್ಷ ಇಲ್ಲೇ ಬೆಚ್ಚಗೆ ಕೂತಿತ್ತು, ಕೊಡಪಾ ಇಲ್ಲಿ ಅಂತ ಕೈ ಚಾಚಿದಳು, ಆತ ಕೊಡಲಿಲ್ಲ, ತಡೀರಿ, ಕಾರಣ ತಾಳೆ ಆಗವಲ್ದು, ಇಲ್ಲಿ ಮನೀ ದುರಸ್ತಿ ಅಂತೀರಿ, ಇದರಾಗ ಬ್ಯಾರೇನ ಐತಿ, ತಪ್ಪ ಬರದವ್ರಿಗೆ ಓದಿ ಹೇಳಿ ತಿದ್ದಸ್ರಿ ಅಂತ ಸಾಹೇಬ್ರ ಹುಕುಂ ಐತಿ, ಅಂದು ಚಷ್ಮಾ ಏರಿಸಿದ. ಬ್ಯಾಡ, ಓದಬ್ಯಾಡ, ಅನ್ನಬೇಕು, ಅಂದರೆ ಏನೋ ಇದೆ ಅಂತ ತಿಳಿದುಹೋಗುತ್ತದೆ, ಹಿಂದೆ ಸರತಿಯವರು ಕುತ್ತಿಗೆ ಚಾಚಿದ್ದಾರೆ, ಲಗಮಪ್ಪನ ಬೆರಳು, ಮಸಿ ಹತ್ತಿದ ಬೆರಳು, ಹೆಸರಿನ ಕೆಳಗೆ ಬಂತು, ಊರಿನ ಕೆಳಗೆ ಬಂತು, ಒತ್ತೆಯ ಕೆಳಗೆ ಬಂತು, ಗಂಗೂಬಾಯಿ ಬೆರಳನ್ನು ನೋಡುತ್ತಿಲ್ಲ, ಅಕ್ಕುತಾಯಿಯನ್ನು ನೋಡುತ್ತಿದ್ದಾಳೆ, ಮನಿ ದುರಸ್ತಿ ಅಲ್ಲೇನ್ರೀ ತಂಗಿ, ಅಂತಾಳೆ, ಮೆಲ್ಲಗೆ, ಬೆರಳು ಏಳನೇ ಕಾಲಮಿಗೆ ಬಂತು, ತನ್ನದೇ ಅಕ್ಷರ, ಒಂಬತ್ತು ವರ್ಷದ ಹಿಂದಿನ ದುಂಡಗಿನ ಅಕ್ಷರ, ಬೆರಳು ಅದರ ಕೆಳಗೆ ನಿಂತಿತು, ಲಗಮಪ್ಪನ ಬಾಯಿ ತೆರೆಯಿತು, ಮಗಳ, ಅಂದ, ಬೆರಳು ಅಲ್ಲೇ ಇದೆ, ಮಗಳ —