ಊಹಿಸಲು ಹೆದರುವ ಯಂತ್ರ

ಮೂಡುಬಿದಿರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವ ಶಶಿಪ್ರಭಾಳ ಸಂಶೋಧನೆಯ ತಿರುಳು ಇಷ್ಟೇ: ಒಂದೇ ನಿಯಮವನ್ನು, ಕಾಗದದ ಮೇಲೆ ವೃತ್ತ, ಬಾಣಗಳಲ್ಲಿ ಬಿಡಿಸುವ ಎರಡು ಬಗೆಯ ಯಂತ್ರಗಳಿಂದ ವಿವರಿಸಬಹುದು; ಒಂದೊಂದು ವೃತ್ತ ಯಂತ್ರದ ಒಂದೊಂದು ಸ್ಥಿತಿ. ಊಹಿಸುವ ಧೈರ್ಯವಿರುವ ಯಂತ್ರ ಹತ್ತಾರು ಸ್ಥಿತಿಗಳಲ್ಲಿ ಕೆಲಸ ಮುಗಿಸುತ್ತದೆ. ಊಹೆಗೆ ಹೆದರುವ ಯಂತ್ರವೋ, ಏನು ಬಂದರೂ ಇರಲಿ ಎಂದು ಪ್ರತಿ ಸಾಧ್ಯತೆಗೂ ಒಂದು ಸ್ಥಿತಿ ಇಟ್ಟುಕೊಂಡು ಸಾವಿರಕ್ಕೆ ಏರಿ ಕೂರುತ್ತದೆ. ಯಾವಾಗ, ಎಷ್ಟು ಊದಿಕೊಳ್ಳುತ್ತದೆ ಎಂಬುದನ್ನು ಅವಳು ಹದಿನೆಂಟು ಪುಟಗಳಲ್ಲಿ ಸಾಧಿಸಿದ್ದಳು. ಬಂಟ್ವಾಳದಿಂದ ಸಿದ್ಧಕಟ್ಟೆಯಾಗಿ ಬರುವ ಬಸ್ಸಿನಲ್ಲಿ ಹೊಳೆದದ್ದು. ಆ ಪುಟಗಳೆಂದರೆ ಅವಳಿಗೆ ಪ್ರಾಣ. ಡಾಕ್ಟರೇಟ್ ಆಗದಿದ್ದರೆ ಜೂನ್‌ನಿಂದ ಕೆಲಸವಿಲ್ಲ ಎಂದು ಕಾಲೇಜು ತಿಳಿಸಿಯೂ ಆಗಿತ್ತು.

ಮಾರ್ಗದರ್ಶಕ ರುಕ್ಮಯ್ಯ ಬೆಳ್ತಂಗಡಿ ಕಡೆಯವರು. ಹಾಳೆಗಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಮದುವೆ ಕಾಗದವೇ ಇದಕ್ಕಿಂತ ದಪ್ಪ ಇರುತ್ತದೆ ಎಂದರು. ಮದುವೆ ಕಾಗದದಲ್ಲಿ ಒಬ್ಬ ಮಾವನ ಹೆಸರು ಬಿಟ್ಟುಹೋದರೆ ಏನಾಗುತ್ತದೆಂದು ಬಲ್ಲ ಮನುಷ್ಯ. ಪ್ರಬಂಧವನ್ನೂ ಅದೇ ಭಯಭಕ್ತಿಯಿಂದ ತುಂಬಿಸುತ್ತಿದ್ದರು.

"ಪರೀಕ್ಷಕರು ಕೇಳಿದ್ರೆ?" ಎಂಬುದು ಅವರ ಏಕೈಕ ಸಿದ್ಧಾಂತ. ಯಂತ್ರದ ಚರಿತ್ರೆ ಕೇಳಿದರೆ? ಒಂದು ಅಧ್ಯಾಯ. ಅಡಿಕೆ ಬೆಳೆಗೆ ಇದರಿಂದ ಏನು ಉಪಯೋಗ ಎಂದರೆ? ಇನ್ನೊಂದು. ಸಾವಿರ ಸ್ಥಿತಿಗಳ ಚಿತ್ರವನ್ನೇ ಕೇಳಿದರೆ? ಪಾಪ, ಅದನ್ನೂ ಬಿಡಿಸಿದಳು. ಪ್ರಬಂಧ ನಾನೂರು ಪುಟ ದಾಟಿತು. ತನ್ನ ಹದಿನೆಂಟು ಪುಟ ಅದರಲ್ಲಿ ಎಲ್ಲಿದೆಯೆಂದು ಅವಳೇ ಹುಡುಕಬೇಕಾಯಿತು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅದನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು. ರುಕ್ಮಯ್ಯ ನಿರೀಕ್ಷಿಸಿದ್ದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವಿವರಣೆ ಎಷ್ಟು ಚಿಕ್ಕದಾಗಬಹುದು ಎಂದು ಹೇಳಲು ಇಷ್ಟು ಪುಟ ಯಾಕೆ, ಇಂಥದ್ದಕ್ಕೆ ಪದವಿ ಹೇಗೆ ಕೊಡುವುದು ಎಂದಷ್ಟೇ ಕೇಳಿದರು. ರುಕ್ಮಯ್ಯ ಕಿಟಕಿಯ ಕಡೆ ನೋಡುತ್ತ, ತಾವೂ ಅದನ್ನೇ ಹೇಳುತ್ತಿದ್ದುದಾಗಿ ತಿಳಿಸಿದರು.

ಶಶಿಪ್ರಭಾಳಿಗೆ ಮೈಯೆಲ್ಲ ಉರಿಯಿತು. ಕೆಲಸ ಹೇಗೂ ಹೋಯಿತು, ಇನ್ನು ಹೆದರಿ ಮಾಡುವುದೇನು ಎನಿಸಿತು.

"ಸರ್, ಇದರೊಳಗೆ ಹದಿನೆಂಟು ಪುಟದ ಪ್ರಬಂಧ ಒಂದು ಉಂಟು," ಎಂದಳು. "ಉಳಿದದ್ದೆಲ್ಲ ಹೆದರಿಕೆ. ನೀವು ಏನು ಕೇಳ್ತೀರಿ ಅಂತ ಊಹಿಸ್ಲಿಕ್ಕೆ ಧೈರ್ಯ ಇಲ್ಲದೆ ಎಲ್ಲದಕ್ಕೂ ಒಂದೊಂದು ಅಧ್ಯಾಯ ಇಟ್ಟೆವು. ಹಾಗೆ ಮಾಡಿದ್ರೆ ಹೀಗೇ ಊದ್ತದೆ ಅಂತ ನನ್ನ ಪ್ರಮೇಯವೂ ಹೇಳ್ತದೆ."

ಪರೀಕ್ಷಕರು ಅಂದು ಮೊದಲ ಸಲ ನಕ್ಕರು. ಇಷ್ಟು ಸ್ಪಷ್ಟವಾದ ಮಾತು ಪ್ರಬಂಧದಲ್ಲಿ ಎಲ್ಲೂ ಇಲ್ಲವಲ್ಲ ಎಂದು ಬೇಸರಪಡುತ್ತಲೇ ಪದವಿಗೆ ಶಿಫಾರಸು ಮಾಡಿ ಸಹಿ ಹಾಕಿದರು. ಒಂದೇ ಷರತ್ತು: ಈಗ ಹೇಳಿದ್ದನ್ನು ವಿವರವಾಗಿ ಬರೆದು ಇನ್ನೊಂದು ಅಧ್ಯಾಯ ಸೇರಿಸಬೇಕು.